ಗಡ್ಡಿವಾಡಿ ಗಿರಣಿಯ ಮೌನ ಪ್ರಮಾಣಪತ್ರ

ನಿಯಮ ಒಂದು: ಭೀಮಾ ಕಣಿವೆಯ ನಿಶ್ಶಬ್ದ ಜಲ್ಲಿಹಾದಿಯ ಮೇಲಾಗಲಿ, ಅದರ ಎಡಬಲದಲ್ಲಾಗಲಿ, ಅದಕ್ಕೆ ಕೇಳಿಸುವಷ್ಟು ದೂರದಲ್ಲಾಗಲಿ ಯಾರೂ ಯಾವ ಕಾರಣಕ್ಕೂ ಸಪ್ಪಳ ಮಾಡತಕ್ಕದ್ದಲ್ಲ.

ಈ ನಿಯಮವನ್ನು ಮೊಟ್ಟಮೊದಲು ಮುರಿದದ್ದು ಅದನ್ನು ಊರೂರಿಗೆ ಸಾರಿದ ಧ್ವನಿವರ್ಧಕ. ಆಟೋದ ನೆತ್ತಿಯ ಮೇಲೆ ಕುಳಿತು ಅದು ಮಾದನಹಿಪ್ಪರಗಾದಿಂದ ಹೊರಟು, ಸೊನ್ನದ ಬ್ಯಾರೇಜಿನ ಬದಿಯಿಂದ ಹಾಯ್ದು, ಅಂದೋಲಾದವರೆಗೆ ಮೌನದ ಮಹತ್ವವನ್ನು ಸಾರಿತು. ಎಷ್ಟು ಮನಮುಟ್ಟುವಂತೆ ಸಾರಿತೆಂದರೆ, ಗಡ್ಡಿವಾಡಿಯಲ್ಲಿ ಗೂಟಕ್ಕೆ ಕಟ್ಟಿದ್ದ ಎಮ್ಮೆಯೊಂದು ಹಗ್ಗ ಹರಿದುಕೊಂಡು ಹೋಗಿ ಹೊಳೆಗೆ ಬಿತ್ತು. ಎಮ್ಮೆ ನೀರಿಗೆ ಬಿದ್ದಾಗ ಆದ ಸಪ್ಪಳಕ್ಕಾಗಿ ಅದರ ಒಡೆಯನಿಗೆ ನೋಟೀಸು ಹೋಯಿತು. ನೋಟೀಸು ಬರೆದವನು ಮೌನ ಪರಿವೀಕ್ಷಕ ಕಲ್ಲಿನಾಥ. ಬರೆಯುವಾಗ ಅವನಿಗೆ ನಗು ಬರಲಿಲ್ಲ. ನಿಯಮ ಕಂಡರೆ ಅವನಿಗೆ ಎಂದೂ ನಗು ಬರುತ್ತಿರಲಿಲ್ಲ. ಈ ಒಂದು ಅರ್ಹತೆಯ ಮೇಲೆಯೇ ಅವನನ್ನು ಆ ಹುದ್ದೆಗೆ ಆರಿಸಲಾಗಿತ್ತು.

ಯೋಜನೆ ಹುಟ್ಟಿದ ಬಗೆಯನ್ನೂ ಹೇಳಬೇಕು. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಲವು ಊರಿನವರು ತಮ್ಮ ಹಾದಿಗೆ ಡಾಂಬರು ಹಾಕಿಸಿರೆಂದು ಬಹಳ ಕಾಲದಿಂದ ಅರ್ಜಿ ಕೊಡುತ್ತ ಬಂದಿದ್ದರು. ಹಿಂದೊಮ್ಮೆ ಹಾಕಿದ ಡಾಂಬರು ಮೊದಲ ಮಳೆಗೇ ಎದ್ದು ಹೋಗಿ, ಕೆಳಗಿನ ಜಲ್ಲಿ ಹಲ್ಲು ಕಿಸಿದು ಕೂತಿತ್ತು. ಬಸ್ಸಿನವರು ಆ ಕಡೆ ಬರುವುದನ್ನು ಬಿಟ್ಟಿದ್ದರು. ಇಂಥ ಹೊತ್ತಿನಲ್ಲಿ, ದೂರದ ಸೀಮೆಗಳ ಉಳ್ಳವರು ದಪ್ಪ ಟೈರಿನ ಸೈಕಲ್ಲು ಕೊಂಡು, ಡಾಂಬರಿಲ್ಲದ, ಬಸ್ಸಿಲ್ಲದ, ಗದ್ದಲವಿಲ್ಲದ ಜಲ್ಲಿಹಾದಿಗಳನ್ನು ಹುಡುಕಿಕೊಂಡು ನದಿ ಕಣಿವೆಗಳಲ್ಲಿ ತಿರುಗುತ್ತಾರೆಂಬ ಸಂಗತಿ ಧರ್ಮಣ್ಣನವರ ಕಿವಿಗೆ ಬಿತ್ತು. ಧರ್ಮಣ್ಣನವರು ಆ ಎದ್ದುಹೋದ ಡಾಂಬರಿನ ಗುತ್ತಿಗೆದಾರರು. ಹಾಗಾಗಿ ಹಾದಿಯನ್ನು ಇಷ್ಟು ಚೆನ್ನಾಗಿ ಸಿದ್ಧಪಡಿಸಿದವರು ಅವರೇ ಎಂದು ಎಲ್ಲರೂ ಒಪ್ಪಿ, ಜಲ್ಲಿಹಾದಿ ಸೈಕಲ್ ವಿಹಾರ ಸಮಿತಿಯ ಅಧ್ಯಕ್ಷರನ್ನಾಗಿ ಅವರನ್ನೇ ಮಾಡಿದರು.

ಡಾಂಬರು ಕೇಳಿದವರಿಗೆಲ್ಲ ಸಮಿತಿಯಿಂದ ಉತ್ತರ ಬಂತು: "ತಮ್ಮ ಊರಿನ ಹಾದಿಯಲ್ಲಿ ಡಾಂಬರು ಇಲ್ಲದಿರುವುದನ್ನು ಸಮಿತಿಯು ಮೆಚ್ಚುಗೆಯಿಂದ ಗಮನಿಸಿದೆ. ಬಸ್ಸು ಬಾರದಿರುವುದು ತಮ್ಮ ಊರಿನ ಹಿರಿಮೆ. ಇದೇ ಸ್ಥಿತಿಯನ್ನು ಮುಂದೆಯೂ ಕಾಪಾಡಿಕೊಂಡು ಹೋಗಬೇಕಾಗಿ ವಿನಂತಿ."

ಹಾದಿ ನಿಜಕ್ಕೂ ನಿಶ್ಶಬ್ದವಾಗಿದೆಯೇ ಎಂದು ಅಳೆಯಲು ಹೊರಗಿನಿಂದ ತಜ್ಞರು ಬಂದರು. ಅವರು ಬಂದ ದಿನ ಎಳ್ಳಮಾವಾಸ್ಯೆ. ಅವರ ಕ್ಯಾಲೆಂಡರಿನಲ್ಲಿ ಅದು ಬರೀ ಕೆಲಸದ ದಿನ. ಈ ಸೀಮೆಯಲ್ಲಿ ಮಾತ್ರ ಅಂದು ಊರಿಗೆ ಊರೇ ಬುತ್ತಿ ಹೊತ್ತು ಹೊಲಕ್ಕೆ ಹೋಗಿ, ಭೂತಾಯಿಗೆ ಎಡೆಯೆಂದು ಚರಗ ಚೆಲ್ಲಿ, ಹೊತ್ತು ಇಳಿಯುವವರೆಗೆ ಉಂಡು ಬರುತ್ತದೆ. ಹೊಲ ಇಲ್ಲದವರನ್ನು ಇದ್ದವರು ಕೈಹಿಡಿದು ಕರೆದೊಯ್ಯುತ್ತಾರೆ. ತಜ್ಞರು ಗಡ್ಡಿವಾಡಿಯ ಹಿಟ್ಟಿನ ಗಿರಣಿಯ ಮುಂದಿನ ಕಟ್ಟೆಯ ಮೇಲೆ ಸಪ್ಪಳ ಅಳೆಯುವ ಯಂತ್ರ ಇಟ್ಟು, ಹಾದಿ ನೋಡಿ ಬರಲು ಹೊರಟರು. ಮೊದಲ ಹೊಲದಲ್ಲೇ "ಏ ಸಾಹೇಬ್ರ, ಉಣ್ಣಾಕ ಬರ್ರಿ!" ಎಂದು ಕೂಗಿ ಕರೆದರು. ಅಲ್ಲಿ ಸಜ್ಜಿ ರೊಟ್ಟಿ, ಕಾಳುಪಲ್ಲೆಗಳ ಭಜ್ಜಿ ಉಂಡರು. ಒಬ್ಬರ ಹೊಲದಲ್ಲಿ ಉಂಡು ಮಗ್ಗುಲ ಹೊಲದವರ ಕಡುಬನ್ನು ಬೇಡವೆನ್ನುವುದು ಇಲ್ಲಿ ಜಗಳಕ್ಕೆ ಕಾರಣವಾಗುವ ವಿಷಯವಾದ್ದರಿಂದ ಅಲ್ಲಿಯೂ ಉಂಡರು. ಸಂಜೆ ಹೊಟ್ಟೆ ಹಿಡಿದುಕೊಂಡು ತಿರುಗಿ ಬಂದು ನೋಡಿದರೆ, ಖಾಲಿ ಊರಿನಲ್ಲಿ ದಿನವಿಡೀ ಒಂಟಿಯಾಗಿ ಕೂತಿದ್ದ ಯಂತ್ರ ಏನನ್ನೂ ಕೇಳಿರಲಿಲ್ಲ. ಕೆಟ್ಟಿರಬೇಕೆಂದು ಬ್ಯಾಟರಿ ಬದಲಿಸಿದರು. ಆಗಲೂ ಅದು ಏನನ್ನೂ ಕೇಳಲಿಲ್ಲ. "ಜನವಸತಿ ಇದ್ದೂ ಇಷ್ಟು ಮೌನವಾಗಿರುವ ಊರನ್ನು ನಾವು ಕಂಡಿಲ್ಲ" ಎಂದು ವರದಿ ಬರೆದು, ಸೋಡಾ ಕುಡಿದು ಹೋದರು.

ವರದಿಯನ್ನು ಸಭೆಯಲ್ಲಿ ಓದಿದಾಗ ಕಲ್ಲಿನಾಥ ಎದ್ದು ನಿಂತ. ಅವನು ಮಾದನಹಿಪ್ಪರಗಾದವನು; ಮೊದಲು ಮಾರುಕಟ್ಟೆಯಲ್ಲಿ ತಕ್ಕಡಿ ಪರೀಕ್ಷೆ ಮಾಡುತ್ತಿದ್ದವನು. ಮುಳ್ಳು ಕೂದಲೆಳೆಯಷ್ಟು ವಾಲಿದರೂ ಅವನಿಗೆ ನಿದ್ದೆ ಬರುತ್ತಿರಲಿಲ್ಲ.

"ಅಧ್ಯಕ್ಷರ, ಒಂದ್ ಮಾತ್ರಿ. ಅವತ್ತ ಎಳ್ಳಮಾಸಿ ಇತ್ತು. ಊರಾಗ ನಾಯಿ ಸೈತ ಇರಲಿಲ್ಲ."

"ಅಂದ್ರ ಊರಾಗ ಸಪ್ಪಳ ಇರಲಿಲ್ಲ ಅನ್ನೂದು ಖರೇ?" ಎಂದರು ಧರ್ಮಣ್ಣನವರು.

"ಖರೇರಿ. ಆದ್ರ..."

"ಯಂತ್ರ ಸುಳ್ಳ ಹೇಳ್ಯದೇನು?"

"ಇಲ್ರಿ."

"ಮತ್ತ ನೀ ಯಾಕ ನಿಂತೀದಿ? ಕೂಡು."

ಕಲ್ಲಿನಾಥ ಕೂತ. ಆಮೇಲೆ ಸಭೆ ಸರ್ವಾನುಮತದಿಂದ ಠರಾವು ಮಾಡಿತು: ಎಳ್ಳಮಾವಾಸ್ಯೆಯ ದಿನದ ಮೌನವೇ ಈ ಹಾದಿಯ ನೈಜ ಸ್ಥಿತಿ; ವರ್ಷದ ಉಳಿದ ದಿನ ಕೇಳಿಬರುವುದು ತಾತ್ಕಾಲಿಕ ವ್ಯತ್ಯಯ; ಅದನ್ನು ಸರಿಪಡಿಸುವುದು ಮೌನ ಪರಿವೀಕ್ಷಕನ ಹೊಣೆ. ಈ ಠರಾವನ್ನು ಮುದ್ದಾದ ಅಕ್ಷರಗಳಲ್ಲಿ ಬರೆದುಕೊಂಡವನೂ ಕಲ್ಲಿನಾಥನೇ.

ಅವನಿಗೆ ಒಂದು ದಪ್ಪ ಟೈರಿನ ಸೈಕಲ್ಲನ್ನೂ, ಸಪ್ಪಳ ಕೇಳಿದಲ್ಲಿ ಊದಲು ಒಂದು ಸೀಟಿಯನ್ನೂ ಕೊಡಲಾಯಿತು. ಸೊನ್ನದ ಹತ್ತಿರ ಇಬ್ಬರು ಕುರಿಗಾಹಿಗಳು ಪಿಸುದನಿಯಲ್ಲಿ ಜಗಳವಾಡುತ್ತಿದ್ದುದನ್ನು ಕಂಡು ಅವನು ಮೊದಲ ಸಲ ಸೀಟಿ ಊದಿದ. ಅವರು ಸುಮ್ಮನಾದರು. ಕುರಿಗಳು ಚದುರಿದವು. ಆಗ ಇಡೀ ಹಾದಿಯಲ್ಲಿ ಕೇಳಿದ್ದು ತನ್ನ ಸೀಟಿಯೊಂದೇ ಎಂಬುದು ಕಲ್ಲಿನಾಥನಿಗೆ ಹೊಳೆಯಿತು. ಅಂದು ಸಂಜೆಯೇ ತನಗೆ ತಾನು ನೋಟೀಸು ಕೊಟ್ಟುಕೊಂಡ. ಮರುದಿನ ಸಮಜಾಯಿಷಿ ಬರೆದು ಸಲ್ಲಿಸಿದ. ಓದಿ ನೋಡಿದರೆ ಸಮಜಾಯಿಷಿ ತೃಪ್ತಿಕರವಾಗಿರಲಿಲ್ಲ. ಮೊದಲ ತಪ್ಪೆಂದು ಎಚ್ಚರಿಕೆ ಕೊಟ್ಟು ಬಿಟ್ಟ. ಅಂದಿನಿಂದ ಸೀಟಿ ಅವನ ಕೊರಳಲ್ಲಿ ತಾಯಿತದ ಹಾಗೆ ಸುಮ್ಮನೆ ತೂಗುತ್ತಿತ್ತು.

ಪರಿವೀಕ್ಷಣೆಯನ್ನು ಸೈಕಲ್ಲಿನ ಮೇಲೆಯೇ ಮಾಡತಕ್ಕದ್ದೆಂಬುದು ನಿಯಮ ಎರಡು. ಅದನ್ನು ಪಾಲಿಸುತ್ತಿದ್ದವನೂ ಅವನೊಬ್ಬನೇ. ಸಮಿತಿಯ ಉಳಿದವರು ಜೀಪಿನಲ್ಲಿ ಬರುತ್ತಿದ್ದರು. ಜೀಪಿನ ಹಿಂದೆ ಒಂದು ಸೈಕಲ್ಲು ಕಟ್ಟಿದ್ದುದರಿಂದ ಅದು ಸೈಕಲ್ ಸವಾರಿಯ ವರ್ಗಕ್ಕೆ ಸೇರಿತ್ತು.

ಇನ್ನು ಜಲ್ಲಿಯ ವಿಷಯ. ಹಾದಿಯಲ್ಲಿದ್ದ ಜಲ್ಲಿ ತಾನಾಗಿ ಎದ್ದದ್ದು. ಅದಕ್ಕೆ ಶಿಸ್ತಿಲ್ಲ ಎಂದು ಸಮಿತಿ ಕಂಡುಕೊಂಡಿತು. ಶಿಸ್ತಿನ ಜಲ್ಲಿ ಒದಗಿಸಲು ಧರ್ಮಣ್ಣನವರ ಪಾಲುದಾರ ಜಮೀರ ಸೇಠ್ ಗಡ್ಡಿವಾಡಿಯ ಹೊಳೆದಂಡೆಯಲ್ಲಿ ಕಲ್ಲು ಒಡೆಯುವ ಕ್ರಷರ್ ಹಾಕಿದ. ಅದು ಸುರುವಾದ ದಿನ ಹೊಳೆಯ ಕೊಕ್ಕರೆಗಳು ಎದ್ದು ಹೋದವು. ಅವು ಪ್ರವಾಸ ಹೋಗಿವೆಯೆಂದು ದಾಖಲಾಯಿತು. ಜಲ್ಲಿ ತಂದು ಸುರಿದ ಟಿಪ್ಪರುಗಳು ಖಾಲಿ ಹೋಗುವುದು ಇಂಧನದ ಅಪವ್ಯಯ. ಆದ್ದರಿಂದ ಅವು ಹೋಗುವಾಗ ಹೊಳೆಯ ಉಸುಕು ತುಂಬಿಕೊಂಡು ಹೋಗತೊಡಗಿದವು. ಇದನ್ನು ಸಮಿತಿ ಪರಿಸರ ಕಾಳಜಿ ಎಂಬ ಶೀರ್ಷಿಕೆಯಡಿ ಬರೆದುಕೊಂಡಿತು. ಸೈಕಲ್ ಹಾದಿಗಿಂತ ಉಸುಕಿನ ಹಾದಿ ಮೊದಲು ಪೂರ್ತಿಯಾದದ್ದು ಕೇವಲ ಕಾಮಗಾರಿಯ ಅನುಕೂಲಕ್ಕಾಗಿ.

ಆದರೆ ನಿಯಮ ಒಂದು ಇತ್ತಲ್ಲ. ಕಲ್ಲಿನಾಥ ಕ್ರಷರಿಗೂ ನೋಟೀಸು ಬರೆದ. ಧರ್ಮಣ್ಣನವರು ಅದನ್ನು ಓದಿ, ಮೆಚ್ಚಿ, ಮಡಚಿ ಕಿಸೆಯಲ್ಲಿಟ್ಟುಕೊಂಡು, ಮುಂದಿನ ಸಭೆಯಲ್ಲಿ ಮೌನ ಪ್ರಮಾಣಪತ್ರ ಎಂಬ ಏರ್ಪಾಟು ತಂದರು. ಪ್ರಮಾಣಪತ್ರ ಇಲ್ಲದ ಶಬ್ದಕ್ಕೆ ಮಾತ್ರ ಸಪ್ಪಳ ಎನ್ನತಕ್ಕದ್ದು. ಅದನ್ನು ಪಡೆಯಲು ಅರ್ಜಿದಾರ ಎರಡು ಸಾಲಿನ ಕೆಳಗೆ ಸಹಿ ಹಾಕಿದರೆ ಸಾಕು: "ನನ್ನಿಂದ ಯಾವ ಸಪ್ಪಳವೂ ಆಗುವುದಿಲ್ಲ. ಈ ಹಾದಿಯಲ್ಲಿ ಬೇರೆಯವರ ಸಪ್ಪಳವೂ ನನ್ನ ಕಿವಿಗೆ ಬಿದ್ದಿಲ್ಲ." ಎರಡನೆಯ ಸಾಲು ಏಕೆಂದು ಕಲ್ಲಿನಾಥ ಕೇಳಿದ್ದಕ್ಕೆ, ಎಲ್ಲರೂ ಎಲ್ಲರಿಗೂ ಸಾಕ್ಷಿಯಾದರೆ ಹೊರಗಿನ ಸಾಕ್ಷಿ ಬೇಕಾಗುವುದಿಲ್ಲ ಎಂದು ಉತ್ತರ ಬಂತು.

ಮೊದಲ ಸಹಿ ಜಮೀರ ಸೇಠನದು. ಕ್ರಷರಿನ ಧೂಳಿನಲ್ಲಿ ಕೆಮ್ಮುತ್ತ ಕಲ್ಲಿನಾಥ ಕಾಗದ ಚಾಚಿದ.

"ಸೇಠ್‌ರ, ಇಲ್ಲಿ ಸಹಿ ಮಾಡ್ರಿ!"

"ಆಂ? ಏನ್ ಅಂದ್ರಿ? ಕೇಳವಲ್ದು!"

"ಸಹಿ! ಸಹಿ ಮಾಡ್ರಿ!"

"ಏನ್ ಬರದದ ಅದರಾಗ?"

"ಸಪ್ಪಳ ಆಗಂಗಿಲ್ಲಂತ!"

"ಅರೆ ಜೋರ್ಲೆ ಹೇಳ್ರಿ ಭಾಯಿ!"

"ಸಪ್ಪಳ! ಆಗಂಗಿಲ್ಲಂತ!"

"ಹಾಂ, ಹಾಂ. ಬರೋಬ್ಬರ್ ಅದ," ಎಂದು ಜಮೀರ ಸೇಠ್ ಕಿವಿಯ ಹತ್ತಿ ತೆಗೆಯದೆಯೇ ಸಹಿ ಹಾಕಿದ.

ಆಮೇಲೆ ತಡವಾಗಲಿಲ್ಲ. ಟಿಪ್ಪರಿನವರು ಬಂದರು. ಹಾಡು ಹಚ್ಚಿಕೊಂಡು ಕಬ್ಬು ಸಾಗಿಸುವ ಟ್ರ್ಯಾಕ್ಟರಿನವರು ಬಂದರು. ಮದುವೆಯ ಬ್ಯಾಂಡಿನವರು ಊದುತ್ತಲೇ ಬಂದರು. ನಾಯಿಗಳ ಪರವಾಗಿ ಪಂಚಾಯಿತಿ ಸಹಿ ಮಾಡಿತು. ಪ್ರತಿಯೊಬ್ಬರಿಗೂ ಸಮಿತಿಯ ಖರ್ಚಿನಲ್ಲಿ ಒಂದು ತಗಡಿನ ಹಲಗೆ: "ನಿಶ್ಶಬ್ದವಾಗಿದೆ." ಅದನ್ನು ಸಪ್ಪಳ ಬರುವ ಜಾಗಕ್ಕೇ ಹೊಡೆಯತಕ್ಕದ್ದು.

ಕಲಬುರಗಿಯಿಂದ ಸೈಕಲ್ ತಂಡವೊಂದು ಬಂದು ಹಾದಿಯನ್ನು ಪರೀಕ್ಷಿಸಿತು. ತಂಡದ ಮುಂದಾಳು ಶೈಲಶ್ರೀ ಎಂಬ ಹೆಣ್ಣುಮಗಳು. ಅವರಿಗೆ ಟಿಪ್ಪರಿನ ಧೂಳಿನಲ್ಲಿ ಹೊಳೆ ಕಾಣಲಿಲ್ಲ. ದಾರಿಯುದ್ದಕ್ಕೂ ಜನ ಮಾತ್ರ "ಯಾವೂರ್ರಿ ಯಕ್ಕಾ? ಎತ್ತಾಗ್ ಹೊಂಟೀರಿ? ಚಾ ಕುಡದ್ ಹೋಗ್ರಿ" ಎಂದು ಅಡ್ಡ ಬಂದರು. ಹಾದು ಹೋಗುವವರನ್ನು ಕೇಳದೆ ಬಿಡುವುದು ಇಲ್ಲಿ ಮರ್ಯಾದೆಯಲ್ಲ. ಕೇಳಿದವರಿಗೆಲ್ಲ ಕಲ್ಲಿನಾಥ ನೋಟೀಸು ಕೊಟ್ಟ. ಶೈಲಶ್ರೀ ಅಭಿಪ್ರಾಯದ ಹಾಳೆಯಲ್ಲಿ, ಈ ಹಾದಿಯಲ್ಲಿ ತನಗೆ ಹಿಡಿಸಿದ್ದು ಎರಡೇ, ಚಹಾಕ್ಕೆ ಕರೆಯುವ ಜನರ ದನಿ ಮತ್ತು ಗಡ್ಡಿವಾಡಿಯ ಗಿರಣಿಯ ಕೂಗು; ದಾರಿ ತಪ್ಪಿದಾಗ ಆ ಕೂಗು ಹಿಡಿದೇ ಊರು ಸೇರಿದೆವು ಎಂದು ಬರೆದಳು. ಸಮಿತಿ ಅದನ್ನು "ಪ್ರವಾಸಿಗರು ಬಹಳ ಮೆಚ್ಚಿದ್ದಾರೆ" ಎಂದು ಸಂಗ್ರಹಿಸಿತು. ಮತ್ತು ಗಿರಣಿಗೆ ಇನ್ನೂ ಪ್ರಮಾಣಪತ್ರ ಆಗಿಲ್ಲವೆಂಬುದು ಆಗಲೇ ಬೆಳಕಿಗೆ ಬಂತು.

ಗಿರಣಿ ಹುಸೇನಬೀಯದು. ಮಾವನ ಕಾಲದ ಡೀಸೆಲ್ ಇಂಜಿನ್ನು. ಅವಳು ಹುಬ್ಬಿನ ತನಕ ಹಿಟ್ಟು ಮೆತ್ತಿಕೊಂಡ, ಅರವತ್ತರ ಆಸುಪಾಸಿನ ಹೆಂಗಸು. ಇಂಜಿನ್ನಿನ ಹೊಗೆ ಕೊಳವೆಯ ತುದಿಗೆ ಅವಳು ಒಂದು ತಗಡಿನ ಡಬ್ಬಿ ಬೋರಲು ಕಟ್ಟಿದ್ದಳು. ಹೊಗೆ ಒದ್ದಾಗಲೆಲ್ಲ ಡಬ್ಬಿ ಕುಹೂಕ್, ಕುಹೂಕ್ ಎಂದು ಕೂಗುತ್ತಿತ್ತು. ಅದು ಅಲಂಕಾರಕ್ಕಲ್ಲ. ಹೊಳೆಯ ಆಚೆ ದಂಡೆಯ ಕಾಶಿಬಾಯಿಯಂಥವರು ಜೋಳದ ಬುಟ್ಟಿ ತುಂಬಿಟ್ಟುಕೊಂಡು ಕಿವಿಗೊಟ್ಟು ಕೂತಿರುತ್ತಿದ್ದರು. ಡಬ್ಬಿ ಕೂಗಿದರೆ ಗಿರಣಿ ಸುರುವಾಗಿದೆ, ಹೊಳೆ ದಾಟಬಹುದು. ಕೂಗದಿದ್ದರೆ ಇಂಜಿನ್ನು ಕೆಟ್ಟಿದೆ, ಇಲ್ಲವೆ ಹುಸೇನಬೀ ಯಾರದೋ ಬಾಣಂತನಕ್ಕೆ ಹೋಗಿದ್ದಾಳೆ. ಬುಟ್ಟಿ ಹೊತ್ತು ಅಷ್ಟು ದೂರ ಸುಮ್ಮಸುಮ್ಮನೆ ಬಂದು ಹೋಗುವ ಕುತ್ತಿಗೆ ಯಾರಿಗಿದೆ?

ಕಲ್ಲಿನಾಥ ಸೈಕಲ್ಲು ಗೋಡೆಗೆ ಆನಿಸಿ ಒಳಗೆ ಬಂದ.

"ಖಾಲಾ, ಇಲ್ಲೊಂದ್ ಸಹಿ ಬೇಕಾಗಿತ್ರಿ."

"ಯಾತಕ್ಕ?"

"ನಿಮ್ಮ ಗಿರಣಿ ಸಪ್ಪಳ ಮಾಡಂಗಿಲ್ಲಂತ."

"ಗಿರಣಿ ಸಪ್ಪಳದಾಗ ಕೇಳ್ಲಿಲ್ರಿ, ತಡೀರಿ," ಎಂದು ಹುಸೇನಬೀ ಇಂಜಿನ್ನು ನಿಲ್ಲಿಸಿದಳು. "ಹಾಂ, ಈಗ ಹೇಳ್ರಿ."

ಕಲ್ಲಿನಾಥ ಮತ್ತೆ ಹೇಳಿದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಮಾಡ್ತದಲ್ರಿ ಸಾಹೇಬ್ರ. ಮಾಡ್ಲಿ ಅಂತನೇ ಡಬ್ಬಿ ಕಟ್ಟೀನಿ."

"ಮಾಡ್ಲಿರಿ, ಬ್ಯಾಡ ಅಂದವ್ರ್ಯಾರು? ಮಾಡಂಗಿಲ್ಲಂತ ಸಹಿ ಮಾಡಿಕೊಟ್ರ ಎಷ್ಟ್ ಬೇಕಾದ್ರೂ ಮಾಡಬೌದು."

"ಮಾಡಂಗಿಲ್ಲಂತ ಬರಕೊಟ್ರ ಮಾಡಬೌದು?"

"ಹೌದ್ರಿ."

"ಮಾಡ್ತೀನಂತ ಬರಕೊಟ್ರ?"

"ಮಾಡಂಗಿಲ್ರಿ. ಗಿರಣಿ ತೆಗಸ್ತಾರ."

ಹುಸೇನಬೀ ಅವನನ್ನು ಕಾಲಿಂದ ತಲೆಯ ತನಕ ನೋಡಿದಳು. "ನಿಮ್ದು ಸಾಲಿ ಎಲ್ಲಿ ಆಗ್ಯದ್ರಿ?"

"ಆಳಂದಾಗ್ರಿ."

"ಛಲೋ ಸಾಲಿ ಇರಬೇಕು. ಎರಡನೇ ಸಾಲ ಏನದ, ಅದನ್ನೂ ಓದ್ರಿ."

ಅವನು ಓದಿದ. ಓದಿ ಮುಗಿಸುವುದಕ್ಕೂ ಹೊರಗೆ ಉಸುಕು ತುಂಬಿದ ಟಿಪ್ಪರೊಂದು ಹಾದು ಹೋಗುವುದಕ್ಕೂ ಸರಿಹೋಯಿತು. ತೊಲೆಯ ಮೇಲಿನ ಹಿಟ್ಟು ಇಬ್ಬರ ತಲೆಯ ಮೇಲೂ ಉದುರಿತು.

"ಇದೂ ಕೇಳಿಲ್ಲಂತ ಬರೀಬೇಕೇನ್ರಿ?"

"ಅದಕ್ಕ ಪ್ರಮಾಣಪತ್ರ ಅದರಿ."

"ಪ್ರಮಾಣಪತ್ರ ಇದ್ರ ಗ್ವಾಡಿ ಬಿರಕ ಬಿಡಂಗಿಲ್ಲೇನು?" ಅವಳು ಗೋಡೆಯ ಬಿರುಕು ತೋರಿಸಿದಳು. ಆಮೇಲೆ ದನಿ ಇಳಿಸಿದಳು. "ಸಾಹೇಬ್ರ, ಹೋದ ತಿಂಗಳ ಕಾಶಿಬಾಯಿ ಹೊಳಿ ದಾಟಾಕತ್ತಿದ್ಲು. ಯಾವಾಗ್ಲೂ ಮಣಕಾಲ ನೀರು ಇರೂ ಜಾಗಾ. ಉಸುಕ ತೆಗದು ತೆಗ್ಗ ಮಾಡ್ಯಾರ, ಅಕಿಗೇನ್ ಗೊತ್ತು? ಕುತ್ತಿಗಿತನಾ ಹೋದ್ಲು. ಬುಟ್ಟಿ ಹೋತು. ಅಕಿ ಚೀರಿದ್ದು ಇಲ್ಲಿತನಾ ಕೇಳ್ತು. ಕೇಳಿದ್ದಕ್ಕೇ ನಾ ಹಗ್ಗಾ ತಗೊಂಡು ಓಡೀನಿ. ಕೇಳಿದ್ದಕ್ಕೇ ಅಕಿ ಇದ್ದಾಳ. ಈಗ ಕೇಳಿಲ್ಲಂತ ಸಹಿ ಮಾಡ್ಲಿ?"

ಕಲ್ಲಿನಾಥ ಹಾಳೆ ತಿರುವಿ ನೋಡಿದ. ನಿಯಮದ ಪುಸ್ತಕದಲ್ಲಿ ಚೀರುವಿಕೆಗೆ ಪ್ರತ್ಯೇಕ ಪ್ರಮಾಣಪತ್ರವಿರಲಿಲ್ಲ. ಕೊನೆಗೆ ತಕ್ಕಡಿ ಪರೀಕ್ಷಿಸುತ್ತಿದ್ದ ಕಾಲದ ಬುದ್ಧಿಯಿಂದ ಎರಡೂ ಕಡೆಗೆ ಸಮವಾಗುವ ದಾರಿಯೊಂದನ್ನು ಕಂಡುಕೊಂಡ. ಗಿರಣಿ ನಡೆಯಲಿ, ಡಬ್ಬಿಯನ್ನು ಮಾತ್ರ ಸಪ್ಪಳದ ಸಾಧನವೆಂದು ಜಪ್ತು ಮಾಡುವುದು. "ಮಸಿ ಹಿಡಿದ ತಗಡಿನ ಡಬ್ಬಿ, ಒಂದು" ಎಂದು ರಸೀದಿ ಬರೆದುಕೊಟ್ಟು, ಅದನ್ನು ಸೈಕಲ್ಲಿನ ಚೀಲದಲ್ಲಿ ಇಟ್ಟುಕೊಂಡು ಹೋದ. ತಾನು ಗಿರಣಿಯನ್ನು ಉಳಿಸಿದೆನೆಂದು ಅಂದು ಅವನು ನೆಮ್ಮದಿಯಿಂದ ಉಂಡ.

ಗಿರಣಿ ನಡೆಯಿತು. ಜನ ಬರಲಿಲ್ಲ. ಕ್ರಷರಿನ ಮೌನದಲ್ಲಿ ಬರಿಯ ಇಂಜಿನ್ನಿನ ಸಪ್ಪಳ ಆಚೆ ದಂಡೆಗೆ ಮುಟ್ಟುತ್ತಿರಲಿಲ್ಲ. ಹೊಳೆಯಲ್ಲಿ ತಗ್ಗು ಬಿದ್ದದ್ದರಿಂದ ಕಾಶಿಬಾಯಿ ಈಗ ಮೇಲಿನ ಬಂಡೆಗಳ ದಾರಿಯಿಂದ ದೊಡ್ಡ ಸುತ್ತು ಹಾಕಿ ಬರಬೇಕಾಗಿತ್ತು. ಬಂದ ದಿನ ಗಿರಣಿ ಬಂದ್ ಆಗಿರುತ್ತಿತ್ತು. ಬಾರದ ದಿನ ಹುಸೇನಬೀ ಖಾಲಿ ಕಲ್ಲು ತಿರುಗಿಸುತ್ತ, ಡೀಸೆಲ್ ಸುಡುತ್ತ ಕೂತಿರುತ್ತಿದ್ದಳು.

"ಏ ಹುಸೇನಬೀ, ಗಿರಣಿ ಸುರು ಅದನೋ ಇಲ್ಲೋ ನಾ ಏನ್ ಕನಸ ಕಾಣ್ಲೇನ ಬೇ?" ಎಂದು ಕಾಶಿಬಾಯಿ ಬುಟ್ಟಿಯನ್ನು ಧಪ್ಪೆಂದು ಇಳಿಸಿದಳು. ಅದಕ್ಕೂ ಒಂದು ನೋಟೀಸು ಆಗುವುದಿತ್ತು. ಕಲ್ಲಿನಾಥ ಕಂಡೂ ಕಾಣದಂತೆ ಸೈಕಲ್ಲು ತುಳಿದ. ಅದು ಅವನು ಮಾಡಿದ ಎರಡನೆಯ ತಪ್ಪು. ಅದಕ್ಕೆ ತನಗೆ ನೋಟೀಸು ಕೊಟ್ಟುಕೊಳ್ಳಲೂ ಇಲ್ಲ, ಅದು ಮೂರನೆಯದು.

ಸಮಿತಿಯೂ ಸುಮ್ಮನೆ ಕೂಡಲಿಲ್ಲ. ಗಿರಣಿ ನಡೆಯುತ್ತಿರುವಾಗ ಮಾಳಿಗೆಯ ಮೇಲೆ ಹಸಿರು ಬಾವುಟ ಹಾರಿಸಲು ಅಪ್ಪಣೆ ಕೊಟ್ಟಿತು. ಕ್ರಷರಿನ ಧೂಳಿನಲ್ಲಿ ಆಚೆ ದಂಡೆಗೆ ಬಾವುಟವೇ ಏನು, ಗಡ್ಡಿವಾಡಿಯೇ ಕಾಣುತ್ತಿರಲಿಲ್ಲ. ಜಮೀರ ಸೇಠ್ ಒಂದು ಸಂಜೆ ಬಂದು, "ಖಾಲಾ, ಯಾಕ ತ್ರಾಸ ತಗೋತೀರಿ? ಈ ಜಾಗಾ ಕೊಟ್ಟಬಿಡ್ರಿ. ಸೈಕಲ್ ಮಂದಿಗಿ ಇಲ್ಲಿ ಮೌನ ಮಂದಿರ ಕಟ್ಟತೀವಿ" ಎಂದ. ಗಿರಣಿ ಇದ್ದದ್ದು ಹಾದಿ ಹೊಳೆಗೆ ಇಳಿಯುವ ತಿರುವಿನಲ್ಲಿ. ಅದೊಂದು ಇಲ್ಲದಿದ್ದರೆ ಟಿಪ್ಪರುಗಳಿಗೆ ತಿರುಗಿಕೊಳ್ಳಲು ಬಹಳ ಸಲೀಸು.

"ಮಂದಿರದಾಗ ಟಿಪ್ಪರ್ ನಿಲ್ಲಸ್ತಿ ಏನೋ ಜಮೀರ?" ಎಂದಳು ಹುಸೇನಬೀ. ಅವನು ನಕ್ಕ. ಅಲ್ಲವೆನ್ನಲಿಲ್ಲ.

ಹೀಗಿರುವಾಗ ವರ್ಷ ತಿರುಗಿ ಮತ್ತೆ ಎಳ್ಳಮಾವಾಸ್ಯೆ ಹತ್ತಿರ ಬಂತು. ಪ್ರತಿವರ್ಷದ ಮೌನ ಮಾಪನವನ್ನು ಅದೇ ದಿನ ಮಾಡುವುದೆಂದು ಠರಾವಾಗಿತ್ತು. ಹಿಂದಿನ ದಿನ ಹಾದಿಯ ಉದ್ಘಾಟನೆ. ನೂರಕ್ಕೆ ನೂರು ನಿಶ್ಶಬ್ದವಾದ ಹಾದಿಗೆ ದೊಡ್ಡ ಮನ್ನಣೆಯೊಂದು ಸಿಗುವುದಿತ್ತು. ಒಂದು ಗಿರಣಿಯ ದೆಸೆಯಿಂದ ಅದು ತಪ್ಪಿಹೋಗಬಾರದು. ಆದ್ದರಿಂದ ಸಮಿತಿ ದೊಡ್ಡ ಮನಸ್ಸು ಮಾಡಿ, ಅರ್ಜಿ ಇಲ್ಲದೆ, ಸಹಿ ಇಲ್ಲದೆ ಹುಸೇನಬೀಯ ಗಿರಣಿಗೆ ಪ್ರಮಾಣಪತ್ರ ಮಂಜೂರು ಮಾಡಿತು. ಉದ್ಘಾಟನೆಯ ಬೆಳಿಗ್ಗೆ ತಗಡಿನ ಹಲಗೆಯನ್ನು ಗಿರಣಿಯ ಬಾಗಿಲ ಮೇಲೆ ಹೊಡೆದರು: "ಈ ಗಿರಣಿಯು ನಿಶ್ಶಬ್ದವಾಗಿದೆ. ಇದರ ಒಡತಿಯ ಕಿವಿಗೆ ಯಾವ ಸಪ್ಪಳವೂ ಬಿದ್ದಿಲ್ಲ."

ಧರ್ಮಣ್ಣನವರು ತಾವೇ ಬಂದು ಕೈಮುಗಿದರು. "ನೋಡ್ರಿ ಹುಸೇನಬೀ, ನಿಮ್ಮಿಂದ ಒಂದ್ ಅಕ್ಷರ ಬರಸಿಲ್ಲ. ಹಲಗಿ ಅಷ್ಟು ಇರ್ಲಿ. ನಾಳಿಂದ ಡಬ್ಬಿನೂ ಕಟ್ಟಿಕೋರಿ, ನಗಾರಿನೂ ಕಟ್ಟಿಕೋರಿ. ಗಿರಣಿ ತಂಟೆಕ್ಕ ಯಾರೂ ಬರಂಗಿಲ್ಲ, ನನ್ನ ಮಾತು."

ಮಾತು ನಿಜವಾಗಿತ್ತು. ಅದನ್ನು ಕಲ್ಲಿನಾಥ ಬಲ್ಲ. ಊರವರೂ ಒಬ್ಬೊಬ್ಬರಾಗಿ ಬಂದು ಹೇಳಿದರು: ಹಲಗೆ ಏನು ಊಟ ಕೇಳುತ್ತದೆಯೇ, ಎಲ್ಲರ ಬಾಗಿಲಿಗೂ ಇದೆ, ಇರಲಿ ಬಿಡು. ಹುಸೇನಬೀ ಯಾರಿಗೂ ಎದುರಾಡಲಿಲ್ಲ. ಒಂದೇ ಮಾತು ಕೇಳಿದಳು: "ಕಾಶಿಬಾಯಿ ಈ ಹಲಗಿ ಓದಿದ್ರ ನಾ ಏನ್ ಹೇಳ್ಲಿ?"

"ಅಕಿಗಿ ಓದಾಕ ಬರಂಗಿಲ್ಲಲ್ರಿ," ಎಂದ ಜಮೀರ ಸೇಠ್. ಎಲ್ಲರಿಗೂ ಅದು ಸರಿಯೆನಿಸಿತು.

ಉದ್ಘಾಟನೆ ಗಿರಣಿಯ ಮುಂದಿನ ಬಯಲಿನಲ್ಲೇ ನಡೆಯಿತು. ಹಲಗೆವಾದ್ಯದ ಬಡಿತ, ಪಟಾಕಿ, ಎದೆ ನಡುಗಿಸುವ ಡಿಜೆ, ಎಲ್ಲಕ್ಕೂ ಪ್ರಮಾಣಪತ್ರವಿತ್ತು. ಬಂದ ಅತಿಥಿಗಳು ಜೀಪಿನಿಂದ ಇಳಿದು ಸೈಕಲ್ಲನ್ನು ಮುಟ್ಟಿ ನಮಸ್ಕರಿಸಿದರು. ಹೊಳೆಯ ಮೌನವನ್ನು ಕುರಿತು ಧರ್ಮಣ್ಣನವರು ಧ್ವನಿವರ್ಧಕದಲ್ಲಿ ಮಾಡಿದ ಭಾಷಣ ಆಚೆ ದಂಡೆಗೂ ಕೇಳಿತು. ಆಚೆ ದಂಡೆಯಲ್ಲಿ, ನಾಳೆಯ ಹಬ್ಬಕ್ಕೆಂದು ಸಜ್ಜೆ, ಜೋಳ ತುಂಬಿದ ಬುಟ್ಟಿ ಮುಂದಿಟ್ಟುಕೊಂಡು, ಸೆರಗು ಕಿವಿಯ ಹಿಂದೆ ಸರಿಸಿಕೊಂಡು ಕಾಶಿಬಾಯಿ ಕೂತಿದ್ದಳು. ಅಂದು ಧೂಳು ಏಳದಂತೆ ನೀರು ಹೊಡೆಸಿದ್ದರಿಂದ ಅವಳು ಚಿಕ್ಕದಾಗಿ ಕಾಣುತ್ತಿದ್ದಳು.

ಮಾಪನದ ತಾಲೀಮಿಗೆಂದು ಕಲ್ಲಿನಾಥನನ್ನು ಗಿರಣಿಯ ಬಾಗಿಲಲ್ಲಿ ನಿಲ್ಲಿಸಿದ್ದರು. ಅವನು ತಲೆಯೆತ್ತಿ ನೋಡಿದರೆ ಬಾಗಿಲ ಮೇಲೆ ಹಲಗೆ ಇರಲಿಲ್ಲ, ಮೊಳೆಯ ತೂತುಗಳಿದ್ದವು. ಒಳಗೆ ಹುಸೇನಬೀ ನೆಲದ ಮೇಲೆ ಕೂತು, ಹಲಗೆಯನ್ನು ಕಾಲಲ್ಲಿ ಅದುಮಿಕೊಂಡು ತಗಡು ಕತ್ತರಿಯಿಂದ ಕತ್ತರಿಸುತ್ತಿದ್ದಳು. ಡಿಜೆಯ ಅಬ್ಬರದಲ್ಲಿ ಕತ್ತರಿಯ ಸಪ್ಪಳ ಕೇಳುವಂತಿರಲಿಲ್ಲ. "ನಿಶ್ಶಬ್ದ" ಎಂಬುದು ಒಂದು ತುಂಡಿಗೆ, "ವಾಗಿದೆ" ಎಂಬುದು ಇನ್ನೊಂದು ತುಂಡಿಗೆ ಹೋಗಿತ್ತು. ಮೊದಲನೆಯ ತುಂಡನ್ನು ಅವಳು ಒನಕೆಗೆ ಸುತ್ತಿ, ಕುಟ್ಟಿ, ಡಬ್ಬಿಯ ಹಾಗೆ ದುಂಡಗೆ ಮಾಡಿದಳು.

"ಖಾಲಾ," ಎಂದ ಕಲ್ಲಿನಾಥ, ಬಗ್ಗಿ, ಅವಳ ಕಿವಿಯ ಹತ್ತಿರ. "ಇದನ್ನ ತೆಗದ್ರ ನಾಳಿಗಿ ಗಿರಣಿ ತೆಗಸ್ತಾರ್ರಿ. ಖರೇನೇ ತೆಗಸ್ತಾರ."

"ನಾಳಿ ಎಳ್ಳಮಾಸಿ. ಗಿರಣಿ ಹೆಂಗೂ ಬಂದ್," ಎಂದಳು ಹುಸೇನಬೀ. "ಬೀಸೂದು ಇವತ್ತ ಅದ."

ಜಪ್ತು ಮಾಡಿದ ಹಳೆಯ ಡಬ್ಬಿ ಇನ್ನೂ ಅವನ ಸೈಕಲ್ಲಿನ ಚೀಲದಲ್ಲೇ ಇತ್ತು. ತೆಗೆದು ಅವಳ ಕೈಗೆ ಕೊಟ್ಟುಬಿಡಬಹುದಾಗಿತ್ತು. ಕೈ ಚೀಲದ ತನಕ ಹೋಯಿತು ಕೂಡ. ಆದರೆ ಜಪ್ತಾದ ವಸ್ತುವನ್ನು ಹಿಂದಿರುಗಿಸುವ ಬಗ್ಗೆ ನಿಯಮಗಳಲ್ಲಿ ಏನೂ ಹೇಳಿರಲಿಲ್ಲ. ಕೈ ತಿರುಗಿ ಬಂತು. ಹುಸೇನಬೀ ಅಷ್ಟರಲ್ಲಿ ಗೋಡೆಯ ಮಗ್ಗುಲಿನ ಏಣಿ ಹತ್ತಿ ಹೊಸ ಡಬ್ಬಿಯನ್ನು ಕೊಳವೆಯ ತುದಿಗೆ ತಂತಿ ಸುತ್ತಿ ಬಿಗಿಯುತ್ತಿದ್ದಳು.

ಆಗ ಧ್ವನಿವರ್ಧಕ ಘೋಷಿಸಿತು: "ಈಗ ಕಣಿವೆಯ ಮೌನಕ್ಕೆ ಗೌರವ ಸಲ್ಲಿಸುವ ಸಲುವಾಗಿ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಬೇಕು."

ಡಿಜೆ ನಿಂತಿತು. ವಿಶೇಷ ಆದೇಶದ ಮೇರೆಗೆ ಟಿಪ್ಪರುಗಳು ನಿಂತವು. ಕ್ರಷರು ಒಂದೆರಡು ಸಲ ಕೆಮ್ಮಿ ಅದೂ ನಿಂತಿತು. ಎಷ್ಟೋ ತಿಂಗಳ ಮೇಲೆ ಗಡ್ಡಿವಾಡಿಯಲ್ಲಿ ಹೊಳೆಯ ನೀರು ಕೇಳಿಸಿತು. ಜನಕ್ಕೆ ಒಂದು ಥರಾ ಆಯಿತು. ಏನೋ ಕೆಟ್ಟು ನಿಂತಿದೆಯೆಂಬಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಧರ್ಮಣ್ಣನವರು ತಲೆ ತಗ್ಗಿಸಿದರು, ಅತಿಥಿಗಳು ತಗ್ಗಿಸಿದರು, ಜಮೀರ ಸೇಠ್ ಟೊಪ್ಪಿಗೆ ಸರಿಪಡಿಸಿಕೊಂಡು ತಗ್ಗಿಸಿದ. ಊರು ಊರೇ, ಯಾರೋ ತೀರಿಕೊಂಡವರಿಗೆ ನಿಲ್ಲುವ ಹಾಗೆ, ಕಣ್ಣು ಮುಚ್ಚಿ ನಿಂತಿತು. ಕಲ್ಲಿನಾಥನೊಬ್ಬನೇ ಕಣ್ಣು ತೆರೆದಿದ್ದ. ಕರ್ತವ್ಯವೆಂದು ಸೀಟಿಯನ್ನು ತುಟಿಗೆ ಇಟ್ಟುಕೊಂಡಿದ್ದ. ಊದಿದರೆ ಮೌನ ಮುರಿದವನು ಅವನಾಗುತ್ತಿದ್ದ.

ಹುಸೇನಬೀ ಏಣಿ ಇಳಿದಳು. ಕೈಯ ಮಸಿಯನ್ನು ಸೆರಗಿಗೆ ಒರೆಸಿಕೊಂಡಳು. ಕಿಟಕಿಯಿಂದ ಒಮ್ಮೆ ಆಚೆ ದಂಡೆಯನ್ನು ನೋಡಿ, ಇಂಜಿನ್ನಿಗೆ ಹ್ಯಾಂಡಲ್ ಹಾಕಿ, ಮೈಯ ಭಾರವನ್ನೆಲ್ಲ ಬಿಟ್ಟು ತಿರುವಿದಳು.